ಕಪ್ಪಿನ ತಳದಲ್ಲಿ ಯಾರ ಹೆಸರು?

ಜರ್ಮನಿಯ ಡ್ರೆಸ್ಡನ್‌ಗೆ ಬಂದ ಮೇಲೆ ನನಗೆ ಅಂಟಿದ ಅಭ್ಯಾಸ ಇದು. ಶನಿವಾರ ಬೆಳಿಗ್ಗೆ ಎಲ್ಬೆ ನದಿ ದಡದ ಹಳೆ ಸಾಮಾನಿನ ಸಂತೆಗೆ ಹೋಗುತ್ತೇನೆ, ಹೂವಿನ ಚಿತ್ರದ ಪಿಂಗಾಣಿ ಕಪ್ಪು ಹುಡುಕುತ್ತೇನೆ. ಇಲ್ಲಿ ಅದಕ್ಕೆ 'ಝಾಮೆಲ್‌ಟಾಸೆ' ಅನ್ನುತ್ತಾರೆ, ಅಂದರೆ ಕೂಡಿಡುವ ಕಪ್ಪು. ಕಪ್ಪು, ಸಾಸರ್, ಕೇಕಿಗೊಂದು ಪುಟ್ಟ ತಟ್ಟೆ. ಹಿಂದೆ ಹುಟ್ಟುಹಬ್ಬಕ್ಕೊಂದು, ಮದುವೆಗೊಂದು ಅಂತ ಉಡುಗೊರೆ ಕೊಡುತ್ತಿದ್ದರು. ಒಂದರ ಮೇಲೆ ಗುಲಾಬಿ, ಇನ್ನೊಂದರ ಮೇಲೆ ಟ್ಯುಲಿಪ್. ಯಾವುದೂ ಒಂದಕ್ಕೊಂದು ಹೊಂದಬೇಕಿಲ್ಲ.

ಕೈಗೆತ್ತಿಕೊಂಡರೆ ಮೊದಲು ಬೋರಲು ಹಾಕಿ ತಳ ನೋಡಬೇಕು. ಇಲ್ಲೇ ಹತ್ತಿರದ ಮೈಸನ್ ಊರಿನ ಹೆಸರಾಂತ ಪಿಂಗಾಣಿ ಕಾರ್ಖಾನೆ ಶುರುವಾದದ್ದು 1710ರಲ್ಲಿ. ಅದರ ಗುರುತು ಎರಡು ನೀಲಿ ಕತ್ತಿ. ಆ ಗುರುತಿನ ಮೇಲೆ ಅಡ್ಡಗೀರು ಇದ್ದರೆ ಕಾರ್ಖಾನೆಯೇ ಅದನ್ನು ಎರಡನೇ ದರ್ಜೆ ಅಂತ ಬೇರೆ ಇಟ್ಟಿದೆ ಅಂತ ಅರ್ಥ. ಆಮೇಲೆ ಉಗುರಿನಿಂದ ಮೆಲ್ಲಗೆ ತಟ್ಟಬೇಕು. ಬಿರುಕಿಲ್ಲದಿದ್ದರೆ ಟಣ್ ಅನ್ನುತ್ತದೆ. ಮಡಿಕೆ ಕೊಳ್ಳುವಾಗ ನಮ್ಮಜ್ಜಿಯೂ ಹೀಗೇ ತಟ್ಟಿ ನೋಡುತ್ತಿದ್ದರು.

ಮೈಸನ್‌ನಲ್ಲಿ 'ಇಂಡಿಯಾನಿಷೆ ಬ್ಲೂಮೆನ್' ಅಂತಲೇ ಒಂದು ಬಗೆಯ ಹೂಗಳಿವೆ, ಅಂದರೆ ಇಂಡಿಯಾದ ಹೂಗಳು. ಹೆಸರು ಕೇಳಿ ಖುಷಿಯಾಯಿತು. ಆದರೆ ಅವು ಚೀನಾ, ಜಪಾನಿನ ಪಾತ್ರೆಗಳನ್ನು ನೋಡಿ ಬರೆದವು. ಈಸ್ಟ್ ಇಂಡಿಯಾ ಕಂಪನಿಗಳ ಹಡಗಿನಲ್ಲಿ ಬಂದ ಮಾಲು ಅಂತ ಆ ಹೆಸರು. 1740ರ ಹೊತ್ತಿಗೆ ತಮ್ಮ ತೋಟದ ಹೂಗಳನ್ನೇ ಬರೆದು 'ಜರ್ಮನ್ ಹೂಗಳು' ಅಂದರು. ನನಗೆ ಅವೇ ಜಾಸ್ತಿ ಇಷ್ಟ.

ನಮ್ಮಲ್ಲಿ ಸ್ಟೀಲ್ ಪಾತ್ರೆ ಕೊಟ್ಟರೆ ಅಂಗಡಿಯಲ್ಲೇ ಹೆಸರು ಹಾಕಿಸುತ್ತೇವೆ. ಯಾರು ಕೊಟ್ಟದ್ದು, ಯಾರ ಮದುವೆಗೆ, ಯಾವ ತಾರೀಖು. ಅಮ್ಮನ ಡಬ್ಬಿಗಳನ್ನು ಓದಿದರೆ ನೆಂಟರೆಲ್ಲ ನೆನಪಾಗುತ್ತಾರೆ, ಅಲ್ವಾ? ಇಲ್ಲಿ ತಳದಲ್ಲಿರುವುದು ಕಾರ್ಖಾನೆಯ ಹೆಸರು ಮಾತ್ರ. ಒಮ್ಮೆ ಸಂತೆಯಲ್ಲಿ ಗುಲಾಬಿ ಕಪ್ಪೊಂದನ್ನು ಹಿಡಿದು "ಇದು ಯಾರದು?" ಅಂತ ಮಾರುವವರನ್ನು ಕೇಳಿದೆ. "ಯಾರದೋ ಮನೆ ಖಾಲಿ ಮಾಡಿದಾಗ ಬಂದದ್ದು, ಗೊತ್ತಿಲ್ಲ" ಅಂದರು. ನಲವತ್ತು ವರ್ಷ ಗಾಜಿನ ಬೀರುವಿನಲ್ಲಿ ಜೋಪಾನವಾಗಿದ್ದಿರಬಹುದಾದ ಕಪ್ಪು. ಹೊಟ್ಟೆಯಲ್ಲಿ ಸಂಕಟವಾಯಿತು.

ಕೊಡುವ ರೀತಿ ಮಾತ್ರ ಇವರದೇ ಚೆನ್ನ. ನಾವು ಇಡೀ ಡಿನ್ನರ್ ಸೆಟ್ ಕೊಡುತ್ತೇವೆ, ಅದು ಪೆಟ್ಟಿಗೆ ಸಮೇತ ಅಟ್ಟ ಸೇರುತ್ತದೆ. ಇವರು ಒಂದೇ ಕಪ್ಪು ಕೊಡುತ್ತಿದ್ದರು, ಅದು ಭಾನುವಾರ ಕಾಫಿ-ಕೇಕಿಗೆ ಮೇಜಿಗೆ ಬರುತ್ತಿತ್ತು.

ಕೆಳಗಿನ ಮನೆಯ ಅಜ್ಜಿ ಹೋದ ತಿಂಗಳು ನನಗೊಂದು ಕಪ್ಪು ಕೊಟ್ಟರು. ಕೇಳಿ ತಿಳಿದು ಚೀಟಿ ಬರೆದು ಅದರೊಳಗೆ ಇಟ್ಟಿದ್ದೇನೆ: "1958, ಮದುವೆಗೆ ಅತ್ತಿಗೆ ಕೊಟ್ಟದ್ದು." ಕನ್ನಡದಲ್ಲೂ ಬರೆದೆ, ಜರ್ಮನ್‌ನಲ್ಲೂ ಬರೆದೆ.