ಕೊಡಗಿನ ಅರೇಬಿಕಾ ಕಾಫಿ ತೋಟಕ್ಕೆ ಕುಲಾಂತರಿ ಗಿಡ ಬರಬೇಕೇ? ಪರ-ವಿರೋಧ

ಪರ

ಸೋಮವಾರಪೇಟೆ, ಮಾದಾಪುರ ಕಡೆಯ ಅರೇಬಿಕಾ ಬೆಳೆಗಾರರಿಗೆ ಬಿಳಿ ಕಾಂಡಕೊರಕದ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಏಪ್ರಿಲ್-ಮೇ ತಿಂಗಳುಗಳಲ್ಲಿ ಒಮ್ಮೆ, ಮಳೆಗಾಲ ಮುಗಿದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ ಹಾರಾಡುವ ಈ ದುಂಬಿ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ತೊಗಟೆಯನ್ನು ದಾಟಿ ಒಳಗಿನ ಕಟ್ಟಿಗೆಗೆ ಇಳಿದ ಮೇಲೆ ಸಿಂಪಡಣೆಯಿಂದ ಪ್ರಯೋಜನವಿಲ್ಲ. ಗಿಡವನ್ನು ಕಿತ್ತು ಸುಡುವುದೊಂದೇ ದಾರಿ. ಹಿಂದೆ ಬಳಸುತ್ತಿದ್ದ ಲಿಂಡೇನ್ ಕೀಟನಾಶಕಕ್ಕೆ ಈಗ ನಿಷೇಧವಿದೆ, ನಿಷೇಧ ಸರಿಯಾಗಿಯೇ ಇದೆ. ಉಳಿದಿರುವುದು ತೊಗಟೆ ಉಜ್ಜುವುದು, ಸುಣ್ಣದ ದ್ರಾವಣ ಬಳಿಯುವುದು, ವಾಸನೆಯಿಂದ ದುಂಬಿಯನ್ನು ಸೆಳೆಯುವ ಮೋಹಕ ಬಲೆ ಕಟ್ಟುವುದು. ಇವೆಲ್ಲಕ್ಕೂ ಆಳು ಬೇಕು, ಆಳು ಸಿಗುವುದಿಲ್ಲ. ಹೀಗಾಗಿ ಅನೇಕರು ಅರೇಬಿಕಾವನ್ನೇ ಕೈಬಿಟ್ಟು, ಈ ಹುಳು ಅಷ್ಟಾಗಿ ಬಾಧಿಸದ ರೊಬಸ್ಟಾಕ್ಕೆ ಹೊರಳಿದ್ದಾರೆ.

ಸಾಂಪ್ರದಾಯಿಕ ತಳಿ ಸಂವರ್ಧನೆಯ ಸಾಧನೆ ಸಣ್ಣದೇನಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1940ರ ದಶಕದಲ್ಲಿ ಕೊಟ್ಟ ಎಸ್ 795 ತಳಿಯಲ್ಲಿ ಎಲೆ ತುಕ್ಕು ರೋಗವನ್ನು ತಡೆಯುವ ಗುಣ ಬಂದದ್ದು ಲೈಬೀರಿಕಾ ಎಂಬ ಬೇರೆಯೇ ಪ್ರಭೇದದಿಂದ. 1985ರ ಕಾವೇರಿ ತಳಿಗೆ ಆ ಗುಣ ದೊರೆತದ್ದು ಟಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿಯೇ ಕೂಡಿ ಹುಟ್ಟಿದ ಸಂಕರದಿಂದ. ಪ್ರಭೇದದ ಗಡಿ ದಾಟಿ ಬಂದ ವಂಶವಾಹಿಯನ್ನು ನಮ್ಮ ತೋಟಗಳು ಮೂರು ತಲೆಮಾರಿನಿಂದ ಹೊತ್ತಿರುವಾಗ, ಅದೇ ಕೆಲಸ ಪ್ರಯೋಗಾಲಯದಲ್ಲಿ ನಡೆದೊಡನೆ ಹೌಹಾರುವುದಕ್ಕೆ ಕಾರಣ ಕಾಣುವುದಿಲ್ಲ.

ಆದರೆ ಕಾಂಡಕೊರಕದ ವಿಷಯದಲ್ಲಿ ಸಂಕರಕ್ಕೆ ಮಿತಿಯಿದೆ. ಅರೇಬಿಕಾಕ್ಕೆ 44 ವರ್ಣತಂತುಗಳಾದರೆ ರೊಬಸ್ಟಾಕ್ಕೆ 22, ಹಾಗಾಗಿ ಇವೆರಡರ ನೇರ ಸಂಕರದ ಗಿಡ ಹೆಚ್ಚಾಗಿ ಬಂಜೆಯಾಗುತ್ತದೆ. ಫಲ ಕೊಡುವ ಅಪರೂಪದ ಗಿಡದಿಂದ ಮುಂದುವರಿದು, ಅರೇಬಿಕಾದ ರುಚಿಯನ್ನು ಮರಳಿ ಪಡೆಯಲು ದಶಕಗಳು ಬೇಕು. ಇಲ್ಲಿ ನೆರವಾಗಬಲ್ಲದ್ದು ಬೇರೆ ಜೀವಿಯ ವಂಶವಾಹಿಯನ್ನು ಗಿಡಕ್ಕೆ ಸೇರಿಸುವ ಕುಲಾಂತರಿ ತಂತ್ರ. ಬಿಟಿ ಎಂಬ ಬ್ಯಾಕ್ಟೀರಿಯಾದ ಕೀಟನಾಶಕ ಪ್ರೋಟೀನ್‌ಗಳಲ್ಲಿ ಕೆಲವು ದುಂಬಿ ಜಾತಿಯ ಕೀಟಗಳನ್ನೂ ಕೊಲ್ಲುತ್ತವೆ. ಅಮೆರಿಕದಲ್ಲಿ ಬೇರುಹುಳು ತಡೆಯುವ ಅಂಥ ಮೆಕ್ಕೆಜೋಳ 2003ರಿಂದಲೇ ಹೊಲದಲ್ಲಿದೆ. ಹವಾಯಿಯಲ್ಲಿ ಉಂಗುರ ಚುಕ್ಕೆ ವೈರಸ್‌ಗೆ ಸಿಕ್ಕಿ ನೆಲಕಚ್ಚಿದ್ದ ಪಪ್ಪಾಯಿಯನ್ನು 1998ರಲ್ಲಿ ಬಿಡುಗಡೆಯಾದ ಕುಲಾಂತರಿ ತಳಿ ಉಳಿಸಿತು. ಕಾಫಿಯ ಮೇಲೆ ಈ ತಂತ್ರ ನಡೆಯುವುದಿಲ್ಲ ಎಂಬ ಮಾತೂ ನಿಲ್ಲದು: ಕೆಫೀನ್ ಅಂಶ ಬಹಳಷ್ಟು ತಗ್ಗಿದ ರೊಬಸ್ಟಾ ಸಸಿಗಳನ್ನು ಜಪಾನಿನ ವಿಜ್ಞಾನಿಗಳು 2003ರಲ್ಲೇ ಬೆಳೆಸಿ ತೋರಿಸಿದ್ದಾರೆ. ಭಾರತವೇ 2025ರ ಮೇ ತಿಂಗಳಲ್ಲಿ ವಂಶವಾಹಿ ತಿದ್ದಿದ ಎರಡು ಭತ್ತದ ತಳಿಗಳನ್ನು ಘೋಷಿಸಿರುವಾಗ ಕಾಫಿಯನ್ನು ಮಾತ್ರ ಹೊರಗಿಡುವುದು ಯಾವ ನ್ಯಾಯ?

ವಿರೋಧ

ಕುಲಾಂತರಿ ಆಹಾರ ತಿಂದರೆ ರೋಗ ಬರುತ್ತದೆ ಎಂಬ ಭಯವನ್ನು ಈ ಚರ್ಚೆಗೆ ಎಳೆದು ತರುವುದು ಬೇಡ, ಅದಕ್ಕೆ ಗಟ್ಟಿ ಆಧಾರವಿಲ್ಲ. ಆಕ್ಷೇಪ ಇರುವುದು ಗಿಡದ ಆಯುಷ್ಯದ ಬಗ್ಗೆ.

ಹತ್ತಿಯನ್ನು ರೈತ ಪ್ರತಿವರ್ಷ ಕಿತ್ತು ಹೊಸ ಬೀಜ ಬಿತ್ತುತ್ತಾನೆ. ಅಂಥ ಬೆಳೆಯಲ್ಲೇ, 2002ರಲ್ಲಿ ಭಾರತಕ್ಕೆ ಬಂದ ಬಿಟಿ ಹತ್ತಿಯ ಮೊದಲ ಪ್ರೋಟೀನಿಗೆ ಗುಲಾಬಿ ಕಾಯಿಕೊರಕ ಒಗ್ಗಿಕೊಂಡದ್ದು 2010ರ ಹೊತ್ತಿಗೆ ಗುಜರಾತಿನಲ್ಲಿ ದೃಢಪಟ್ಟಿತು, ಮುಂದೆ ಎರಡು ಪ್ರೋಟೀನುಗಳ ಹತ್ತಿಯೂ ಅದರ ಮುಂದೆ ಸೋತಿತು. ಮೇಲಿನ ಲೇಖನ ಹೆಮ್ಮೆಯಿಂದ ಹೆಸರಿಸಿದ ಮೆಕ್ಕೆಜೋಳದ ಕಥೆಯೂ ಬೇರೆಯಲ್ಲ. 2003ರಲ್ಲಿ ಬಂದ ಆ ತಳಿಯ ಬೇರುಗಳನ್ನು ತಿಂದೂ ಬದುಕುವ ದುಂಬಿಗಳು 2009ರಲ್ಲೇ ಅಯೋವಾದ ಹೊಲಗಳಲ್ಲಿ ಸಿಕ್ಕವು. ಇನ್ನು ಕಾಫಿಯೋ, ನಲವತ್ತು ಐವತ್ತು ವರ್ಷ ನಿಲ್ಲುವ ಗಿಡ. ಹತ್ತು ವರ್ಷಕ್ಕೆ ಕಾಂಡಕೊರಕ ಹೊಸ ಪ್ರೋಟೀನಿಗೆ ಒಗ್ಗಿಕೊಂಡರೆ ಬೆಳೆಗಾರ ಏನು ಮಾಡಬೇಕು? ಮತ್ತೆ ಸಸಿ ನೆಟ್ಟು, ಫಸಲು ಕೈಗೆ ಬರುವವರೆಗೆ ಮೂರು ನಾಲ್ಕು ವರ್ಷ ಕಾಯುವ ಶಕ್ತಿ ಐದು ಎಕರೆಯವನಿಗೆ ಎಲ್ಲಿದೆ? ಎಸ್ 795 ಮತ್ತು ಕಾವೇರಿ ಎರಡೂ ತುಕ್ಕು ರೋಗದ ಹೊಸ ಬಗೆಗಳಿಗೆ ಬಲಿಯಾದುದನ್ನು ಕಂಡವರೇ ಮತ್ತೊಂದು ಏಕೈಕ ವಂಶವಾಹಿಯ ಮೇಲೆ ಅರ್ಧ ಶತಮಾನದ ತೋಟವನ್ನು ಒತ್ತೆಯಿಡಲು ಹೇಳುತ್ತಿರುವುದು ವಿಚಿತ್ರ.

ಭತ್ತದ ಉದಾಹರಣೆ ಇಲ್ಲಿಗೆ ಹೊಂದುವುದೇ ಇಲ್ಲ. ಆ ಎರಡು ತಳಿಗಳಲ್ಲಿ ತಿದ್ದಿದ್ದು ಭತ್ತದ್ದೇ ವಂಶವಾಹಿಗಳನ್ನು, ಹೊರಗಿನದೇನನ್ನೂ ಉಳಿಸಿಲ್ಲ. ಅಂಥ ತಿದ್ದುಪಡಿಗೆ 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಬೆಳೆಗಳ ನಿಯಮಗಳಿಂದ ವಿನಾಯಿತಿ ಕೊಟ್ಟಿತು. ಬ್ಯಾಕ್ಟೀರಿಯಾದ ವಂಶವಾಹಿ ಹೊತ್ತ ಕಾಫಿ ಆ ಬಾಗಿಲಿನಿಂದ ಬರಲಾರದು. ಅದು ಬರಬೇಕಾದದ್ದು 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆಯನ್ನು ತಡೆದು ನಿಲ್ಲಿಸಿದ ದಾರಿಯಲ್ಲಿ, ಕುಲಾಂತರಿ ಸಾಸಿವೆಯ ಬಗ್ಗೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟ ದಾರಿಯಲ್ಲಿ. ತುಕ್ಕು ರೋಗದ ವಿರುದ್ಧ ಅರೇಬಿಕಾದ ಸ್ವಂತ ವಂಶವಾಹಿಯನ್ನು ತಿದ್ದುವ ಪ್ರಯತ್ನವಾದರೆ ಅದನ್ನು ಬೇರೆಯಾಗಿಯೇ ತೂಗಬೇಕು. ಅದಕ್ಕೆ ಈ ಲೇಖಕನ ಆಕ್ಷೇಪವೂ ಕಡಿಮೆ.

ಮಾರುಕಟ್ಟೆಯನ್ನೂ ನೋಡೋಣ. ಭಾರತದ ಕಾಫಿಯ ಬಹುಪಾಲು ರಫ್ತಾಗುತ್ತದೆ, ಮುಂಚೂಣಿಯ ಗ್ರಾಹಕ ಇಟಲಿ. ಯುರೋಪಿಯನ್ ಒಕ್ಕೂಟದಲ್ಲಿ ಅನುಮತಿ ಇಲ್ಲದ ಕುಲಾಂತರಿ ಆಹಾರಕ್ಕೆ ಪ್ರವೇಶವೇ ಇಲ್ಲ, ಅನುಮತಿ ಇದ್ದರೂ ಶೇ. 0.9ಕ್ಕಿಂತ ಹೆಚ್ಚು ಅಂಶವಿದ್ದರೆ ಚೀಟಿಯ ಮೇಲೆ ಬರೆಯಬೇಕು. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕೂರ್ಗ್ ಅರೇಬಿಕಾದ ಹೆಸರಿಗೆ ಇದರಿಂದ ಬೀಳುವ ಪೆಟ್ಟನ್ನು ಯಾರು ತುಂಬಿಕೊಡುತ್ತಾರೆ? ಅರೇಬಿಕಾ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಗಿಡ ಎಂಬ ಸಮಾಧಾನವಿದೆ, ಸರಿ. ಆದರೆ ತಂತ್ರಜ್ಞಾನ ಒಂದು ಸಲ ಬಂದರೆ ರೊಬಸ್ಟಾಕ್ಕೂ ಬರುತ್ತದೆ, ಮತ್ತು ರೊಬಸ್ಟಾ ಕಾಯಿ ಕಚ್ಚಬೇಕಾದರೆ ಬೇರೆ ಗಿಡದ ಪರಾಗವೇ ಬೇಕು. ಹೂಮಳೆ ಬಿದ್ದ ಮೇಲೆ ಒಂದು ಹೋಬಳಿಯ ತೋಟಗಳೆಲ್ಲ ಒಟ್ಟಿಗೆ ಅರಳಿ ಹೆಜ್ಜೇನು ಮುತ್ತಿಕೊಳ್ಳುವ ಜಿಲ್ಲೆಯಲ್ಲಿ, ಪಕ್ಕದವನ ಪರಾಗ ನನ್ನ ಬೇಲಿಯೊಳಗೆ ಬರಬಾರದು ಎಂದು ಯಾವ ಕಾನೂನು ತಡೆದೀತು?

ಕಾಂಡಕೊರಕಕ್ಕೆ ಬಿಸಿಲು ಬೇಕು. ಕಾಡುಮರಗಳನ್ನು ಕಡಿದು ಸಿಲ್ವರ್ ಓಕ್ ಹಾಕಿ, ನೆರಳನ್ನು ವಿಪರೀತ ತೆಳುಗೊಳಿಸಿದ ತೋಟಗಳಲ್ಲಿ ಅದರ ಹಾವಳಿ ಹೆಚ್ಚು ಎಂಬುದು ಪ್ರತಿ ಬೆಳೆಗಾರನಿಗೂ ಗೊತ್ತು. ಆಳಿನ ಕೊರತೆ ನಿಜವಾದ ತೊಂದರೆಯೇ ಆದರೆ, ದುಂಬಿ ಹಾರುವ ಮುನ್ನ ಒಂದೇ ವಾರದಲ್ಲಿ ಊರಿನ ಎಲ್ಲ ತೋಟಗಳ ಪೀಡಿತ ಗಿಡಗಳನ್ನು ಕೀಳಿಸುವ ತಂಡಗಳಿಗೆ ಕಾಫಿ ಮಂಡಳಿ ಹಣ ಕೊಡಲಿ. ಒಬ್ಬ ಕಿತ್ತು, ನೆರೆಯವನು ಬಿಟ್ಟರೆ ಈ ಕೀಟ ಯಾವತ್ತೂ ಹೋಗುವುದಿಲ್ಲ.