ಚೇಂಬರ್‌ಗೆ ವಂತಿಗೆ ಕಟ್ಟಿದರೆ ಸಣ್ಣ ವ್ಯಾಪಾರಿಗೆ ಏನು ಸಿಗುತ್ತದೆ?

ವಾಣಿಜ್ಯ ಮಂಡಳಿಯ, ಅಂದರೆ ವ್ಯಾಪಾರಿಗಳ ಮತ್ತು ಉದ್ದಿಮೆದಾರರ ಸಂಘವಾದ ಚೇಂಬರ್ ಆಫ್ ಕಾಮರ್ಸ್‌ನ, ಮಾತು ಬಂದಾಗಲೆಲ್ಲ ಸಣ್ಣ ವ್ಯಾಪಾರಿಗಳು ಕೇಳುವ ಪ್ರಶ್ನೆ ಒಂದೇ: ವರ್ಷ ವರ್ಷವೂ ವಂತಿಗೆ ಕಟ್ಟಿ ನಮಗೆ ಸಿಗುವುದಾದರೂ ಏನು? ಪ್ರಶ್ನೆ ನ್ಯಾಯವಾದದ್ದೇ. ಪತ್ರಿಕೆಗಳಲ್ಲಿ ಕಾಣುವ ಚೇಂಬರ್ ಎಂದರೆ ಪದಗ್ರಹಣ, ಸನ್ಮಾನ, ಗಣ್ಯರ ಪಕ್ಕದಲ್ಲಿ ನಿಂತ ಪದಾಧಿಕಾರಿಗಳ ಫೋಟೊ. ಇಷ್ಟನ್ನೇ ನೋಡಿದವರಿಗೆ ಅದು ಅನುಕೂಲಸ್ಥರ ಕ್ಲಬ್ಬಿನಂತೆ ಕಂಡರೆ ಅವರನ್ನು ದೂರುವಂತಿಲ್ಲ. ಆದರೆ ಯಾರೂ ಫೋಟೊ ತೆಗೆಯದ ಒಂದೆರಡು ಕೆಲಸಗಳಿಂದಲೇ, ಅದರಲ್ಲೂ ಊರಾಚೆ ಯಾರಿಗೂ ಗೊತ್ತಿಲ್ಲದ ವ್ಯಾಪಾರಿಯ ಪರವಾಗಿ ಮೂರನೆಯವರಾಗಿ ನಿಂತು ಸಾಕ್ಷಿ ಹೇಳುವ ಕೆಲಸದಿಂದಲೇ, ಚೇಂಬರ್‌ಗೆ ಬೆಲೆ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂಲ ದೇಶದ ಪ್ರಮಾಣಪತ್ರವನ್ನೇ ತೆಗೆದುಕೊಳ್ಳಿ. ಸರಕು ಯಾವ ದೇಶದಲ್ಲಿ ತಯಾರಾದದ್ದು ಎಂಬುದರ ಮೇಲೆ ಆಮದು ದೇಶದ ಸುಂಕ, ಮಿತಿ, ನಿರ್ಬಂಧಗಳು ನಿಂತಿರುತ್ತವೆ. ರಫ್ತುದಾರ ತಾನೇ ಬರೆದುಕೊಟ್ಟ ಮಾತನ್ನು ಅಲ್ಲಿನ ಅಧಿಕಾರಿ ನಂಬಬೇಕೆಂದೇನೂ ಇಲ್ಲವಾದ್ದರಿಂದ, ನಂಬಬಹುದಾದ ಇನ್ನೊಬ್ಬರ ಮುದ್ರೆ ಬೇಕಾಗುತ್ತದೆ. ಚೇಂಬರ್‌ನ ಗುಮಾಸ್ತರು ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ತಯಾರಕರ ಘೋಷಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಕ, ಪೆಟ್ಟಿಗೆಗಳ ಎಣಿಕೆ, ಸರಕಿನ ವಿವರ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡಿ, ಆಮೇಲೆ ಮುದ್ರೆ ಒತ್ತುತ್ತಾರೆ. ನೀರಸ ಕೆಲಸ, ಒಪ್ಪುತ್ತೇನೆ. ಆದರೆ ಇಲ್ಲಿ ಒಂದು ಅಂಕಿ ತಪ್ಪಿದರೂ ಸರಕು ದೂರದ ಬಂದರಿನಲ್ಲಿ ದಿನಗಟ್ಟಲೆ ಕೊಳೆಯಬಹುದು. ಕಸ್ಟಮ್ಸ್ ವಿಧಿವಿಧಾನಗಳನ್ನು ಸರಳಗೊಳಿಸಲು 1923ರಲ್ಲಿ ಆದ ಜಿನೀವಾ ಒಪ್ಪಂದದಲ್ಲೇ ಇಂಥ ಪ್ರಮಾಣಪತ್ರ ನೀಡುವ ಕೆಲಸವನ್ನು ವಾಣಿಜ್ಯ ಮಂಡಳಿಗಳಿಗೆ ವಹಿಸಲು ಅವಕಾಶವಿತ್ತು.

ಇದಕ್ಕಿಂತಲೂ ಸೊಗಸಾದ ಏರ್ಪಾಡು ಎಟಿಎ ಕಾರ್ನೆಟ್, ಅಂದರೆ ತಾತ್ಕಾಲಿಕವಾಗಿ ಹೊರದೇಶಕ್ಕೆ ಒಯ್ದು ಮರಳಿ ತರುವ ಸರಕಿನ ಕಸ್ಟಮ್ಸ್ ಪತ್ರ. ಸಣ್ಣ ಯಂತ್ರ ತಯಾರಕನೊಬ್ಬ ತನ್ನ ಯಂತ್ರವನ್ನು ವಿದೇಶದ ವಸ್ತುಪ್ರದರ್ಶನಕ್ಕೆ ಒಯ್ದು, ತೋರಿಸಿ, ಮರಳಿ ತರಬೇಕಾಗಿದೆ ಎನ್ನೋಣ. ಮಾರಾಟಕ್ಕಲ್ಲದ ಈ ಸರಕಿಗೂ ಗಡಿಯಲ್ಲಿ ಸುಂಕವನ್ನೋ ಠೇವಣಿಯನ್ನೋ ಕಟ್ಟಿ, ವಾಪಸಾಗುವಾಗ ಅದನ್ನು ಹಿಂಪಡೆಯಲು ಅಲೆದಾಡಬೇಕು. ದುಡಿಯುವ ಬಂಡವಾಳವೇ ಬಿಗಿಯಾಗಿರುವವನಿಗೆ ಇದು ಪ್ರದರ್ಶನದ ಆಸೆಯನ್ನೇ ಬಿಡಿಸುವಷ್ಟು ದೊಡ್ಡ ಹೊರೆ. 1961ರ ಒಪ್ಪಂದದಿಂದ ಜಾರಿಗೆ ಬಂದ ಈ ಕಾರ್ನೆಟ್ ವ್ಯಾಪಾರದ ಮಾದರಿಗಳು, ವೃತ್ತಿಯ ಉಪಕರಣಗಳು, ಪ್ರದರ್ಶನದ ಸರಕು ಇವುಗಳನ್ನು ಒಪ್ಪಂದದಲ್ಲಿರುವ ದೇಶಗಳಿಗೆ ಒಂದು ವರ್ಷದವರೆಗೆ ಸುಂಕವಿಲ್ಲದೆ ಒಯ್ದು ತರಲು ಬಿಡುತ್ತದೆ. ಸರಕು ಹೊತ್ತಿಗೆ ಸರಿಯಾಗಿ ಮರಳದಿದ್ದರೆ ಅಲ್ಲಿನ ಖಾತರಿದಾರ ಸಂಸ್ಥೆ, ಅಂದರೆ ಸಾಮಾನ್ಯವಾಗಿ ಅಲ್ಲಿನ ಚೇಂಬರ್, ಸುಂಕ ತೆತ್ತು ಅದನ್ನು ಇಲ್ಲಿನ ಸಂಸ್ಥೆಯಿಂದ ವಸೂಲು ಮಾಡುತ್ತದೆ. ಇಲ್ಲಿನದು ಕಾರ್ನೆಟ್ ಪಡೆದವನಿಂದ ವಸೂಲು ಮಾಡುತ್ತದೆ. ಪುಕ್ಕಟೆ ಉಪಕಾರವಲ್ಲ, ಮೊದಲೇ ಭದ್ರತೆ ಕೊಡಬೇಕು. ಆದರೂ ದೊಡ್ಡ ಕಂಪನಿ ತನ್ನ ಹೆಸರಿನ ಬಲದಿಂದಲೇ ಮಾಡಿಸಿಕೊಳ್ಳುವ ಕೆಲಸವನ್ನು ಸಣ್ಣವನು ಇಲ್ಲಿ ಚೇಂಬರ್‌ನ ಹೆಸರಿನ ಬಲದಿಂದ ಮಾಡಿಸಿಕೊಳ್ಳುತ್ತಾನೆ.

ತರಬೇತಿ ಶಿಬಿರ, ಪರಿಚಯ ಕೂಟ, ಸದಸ್ಯರ ಕೈಪಿಡಿ ಇವೂ ಇರಲಿ. ಅವುಗಳಿಂದ ಒಂದೆರಡು ಆರ್ಡರ್ ಸಿಕ್ಕರೆ ಲಾಭವೇ.

ಇನ್ನು ಸರ್ಕಾರದ ಮುಂದೆ ದನಿಯಾಗುವ ಕೆಲಸ. ಕರಡು ನಿಯಮವೊಂದು ಪ್ರಕಟವಾಗಿ, ಆಕ್ಷೇಪಣೆಗೆ ಕೆಲವೇ ವಾರಗಳ ಗಡುವು ಇರುವಾಗ, ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು ಅದನ್ನು ಓದಿ ಉತ್ತರ ಬರೆಯುವುದುಂಟೆ? ಅದಕ್ಕೇ ಚೇಂಬರ್‌ನಲ್ಲಿ ಒಂದು ಸಮಿತಿ ಬೇಕು. ಆದರೆ ‘ಇದರಿಂದ ವ್ಯಾಪಾರಕ್ಕೆ ತೊಂದರೆಯಾಗುತ್ತದೆ’ ಎಂಬ ಒಂದು ಸಾಲಿನ ಮನವಿಪತ್ರ ಫೈಲಿನೊಳಗೆ ಸೇರಿ ಅಲ್ಲೇ ಮಲಗುತ್ತದೆ. ಇಂಥ ರಸ್ತೆಯಲ್ಲಿ ಸರಕು ಇಳಿಸಲು ಗೊತ್ತುಮಾಡಿದ ಹೊತ್ತಿನಲ್ಲಿ ಅರ್ಧದಷ್ಟು ಅಂಗಡಿಗಳು ಬಾಗಿಲೇ ತೆರೆದಿರುವುದಿಲ್ಲ, ಆದ್ದರಿಂದ ಆ ಅವಧಿಯನ್ನು ಇಷ್ಟು ಹೊತ್ತು ಮುಂದಕ್ಕೆ ಹಾಕಿ ಎಂದು ಎಣಿಸಿ ಬರೆದುಕೊಟ್ಟರೆ ಅಧಿಕಾರಿಗೂ ತಿದ್ದಲು ಒಂದು ಆಧಾರ ಸಿಗುತ್ತದೆ.

ತೊಡಕಿರುವುದೂ ಇಲ್ಲೇ. ಹಳೆಯ ಮಂಡಳಿಗಳಲ್ಲೊಂದು 1599ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಹುಟ್ಟಿದ್ದು. ಕಡಲ್ಗಳ್ಳರಿಂದ ಹಡಗುಗಳನ್ನು ಕಾಪಾಡಿಕೊಳ್ಳುವುದು ಅಲ್ಲಿನ ವರ್ತಕರೆಲ್ಲರ ಸಮಾನ ಚಿಂತೆಯಾಗಿತ್ತು. ಇಂದು ಎಲ್ಲರ ಚಿಂತೆಯೂ ಒಂದೇ ಅಲ್ಲ. ದೊಡ್ಡ ಮಾಲ್ ಮತ್ತು ಅದರ ಎದುರಿನ ಅಂಗಡಿ ಸಾಲು, ತಡವಾಗಿ ಬಿಲ್ ಪಾವತಿಸುವ ಕಾರ್ಖಾನೆ ಮತ್ತು ಅದಕ್ಕೆ ಬಿಡಿಭಾಗ ಪೂರೈಸುವವರು ಒಂದೇ ಚೇಂಬರ್‌ನ ಸದಸ್ಯರಾಗಿರುತ್ತಾರೆ. ಇಂಥ ಕಡೆ ‘ವ್ಯಾಪಾರಿಗಳ ಹಿತ’ ಎಂಬ ಹೆಸರಿನಲ್ಲಿ ಹೆಚ್ಚು ವಂತಿಗೆ ಕೊಡುವವರ ಹಿತ ಮಾತ್ರ ಮುಂದೆ ಬರುವ ಅಪಾಯ ಸದಾ ಇದೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಕಾನೂನಿನ ಪ್ರಕಾರ ಸದಸ್ಯತ್ವ ಕಡ್ಡಾಯ. ಜರ್ಮನಿಯಲ್ಲಂತೂ ಕೆಲಸ ಕಲಿಯುವ ಯುವಕರ ಪರೀಕ್ಷೆಗಳನ್ನೂ ಚೇಂಬರ್‌ಗಳೇ ನಡೆಸುತ್ತವೆ. ಅಲ್ಲಿ ಎಲ್ಲರ ಪರವಾಗಿ ಮಾತನಾಡುವ ಹಕ್ಕು ಅವಕ್ಕಿದೆ, ಆದರೆ ಬೇಸತ್ತ ಸದಸ್ಯ ಹೊರನಡೆಯುವಂತಿಲ್ಲ. ಬ್ರಿಟನ್, ಅಮೆರಿಕಗಳಲ್ಲಿ ಸದಸ್ಯತ್ವ ಸ್ವಯಂಪ್ರೇರಿತ. ಬೇಡವೆನಿಸಿದರೆ ಬಿಡಬಹುದು, ಆದರೆ ಹೀಗೆ ಸಣ್ಣವರು ಬಿಟ್ಟಷ್ಟೂ ಸಂಸ್ಥೆ ದೊಡ್ಡವರ ಹಣದ ಮೇಲೆ ಇನ್ನಷ್ಟು ನಿಲ್ಲುತ್ತದೆ. ಎರಡರಲ್ಲಿ ನನಗೆ ಹಿಡಿಸುವುದು ಎರಡನೆಯದು, ಆದರೆ ಒಂದು ಷರತ್ತಿನ ಮೇಲೆ: ಕಾರ್ಯಕಾರಿ ಸಮಿತಿಯಲ್ಲಿ ಸಣ್ಣ ಉದ್ದಿಮೆಗಳಿಗೆ ಮೀಸಲಾದ ಸ್ಥಾನಗಳಿರಬೇಕು, ಮತ್ತು ವಂತಿಗೆ ಎಷ್ಟೇ ಕಟ್ಟಲಿ, ಒಬ್ಬ ಸದಸ್ಯನಿಗೆ ಒಂದೇ ಮತ ಇರಬೇಕು.

ಆದ್ದರಿಂದ ಸದಸ್ಯತ್ವದ ಅರ್ಜಿ ತುಂಬುವ ಮೊದಲು ಚೇಂಬರ್ ಕಚೇರಿಗೆ ಹೋಗಿ, ಸರ್ಕಾರಕ್ಕೆ ಇತ್ತೀಚೆಗೆ ಸಲ್ಲಿಸಿದ ಆಕ್ಷೇಪಣೆಯ ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ನಿಮ್ಮಂಥವರ ತಾಪತ್ರಯದ ಪ್ರಸ್ತಾಪವಿದೆಯೇ, ಅಂಕಿಅಂಶವಿದೆಯೇ, ಯಾರಾರು ಸಹಿ ಹಾಕಿದ್ದಾರೆ ಎಂಬುದನ್ನು ನೋಡಿ. ಪ್ರತಿ ಕೊಡಲು ಕಚೇರಿ ಹಿಂದೆಮುಂದೆ ನೋಡಿದರೆ, ವಂತಿಗೆಯ ಚೆಕ್ ಬರೆಯುವುದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು.