ಚುಕ್ಕೆ ಇಲ್ಲದ ಡಾಲ್ಮೇಷಿಯನ್ ಮರಿ ನಕಲಿಯಲ್ಲ

'ಹುಟ್ಟಿದಾಗಲೇ ಚುಕ್ಕೆ ಇರದ ಡಾಲ್ಮೇಷಿಯನ್ ಮರಿ ಮಿಶ್ರ ತಳಿ, ಮೋಸ ಹೋಗಬೇಡಿ' ಎಂಬ ಮೆಸೇಜ್ ನಾಯಿ ಸಾಕುವವರ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಈ ತಳಿಯ ಮರಿಗಳು ಹುಟ್ಟುವುದೇ ಬಿಳಿಯಾಗಿ. ಸುಮಾರು ಎರಡು ವಾರಕ್ಕೆ ಅಲ್ಲಲ್ಲಿ ಮಸುಕು ಚುಕ್ಕೆ ಏಳುತ್ತವೆ, ಆಮೇಲೆ ತಿಂಗಳುಗಟ್ಟಲೆ ಹೊಸವು ಮೂಡುತ್ತಲೇ ಇರುತ್ತವೆ. ಬಿಳಿ ಬಣ್ಣ ತರುವ ಜೀನ್ ಬೇರೆ, ಚುಕ್ಕೆ ತರುವ ಜೀನ್ ಬೇರೆ. ಎರಡನೆಯದರ ಕೆಲಸ ಕಾಣಿಸುವುದು ತಡವಾಗಿ, ಅಷ್ಟೇ. ಹುಟ್ಟುವಾಗಲೇ ದೊಡ್ಡ ಕಪ್ಪು ಮಚ್ಚೆ ಇದ್ದರೆ ಡಾಗ್ ಶೋಗಳಲ್ಲಿ ಅದನ್ನೇ ದೋಷ ಅಂತಾರೆ!

ಕಂದು ಚುಕ್ಕೆಯೂ ಕಲಬೆರಕೆಯಲ್ಲ. ನಾಯಿ ತಳಿಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಸಿಐ ಈ ತಳಿಯ ಮೂಲ ಕ್ರೊವೇಷಿಯಾ ಎನ್ನುತ್ತದೆ. ಅದರ ಮಾನದಂಡದಲ್ಲಿ ಕಪ್ಪು, ಕಂದು ಎರಡೂ ಸರಿ.

ನಿಜಕ್ಕೂ ನೋಡಬೇಕಾದ್ದು ಕಿವಿ. ಹುಟ್ಟುಗಿವುಡು ಈ ತಳಿಯಲ್ಲಿ ಜಾಸ್ತಿ. ಸುಮ್ನೆ ಚಪ್ಪಾಳೆ ತಟ್ಟಿದರೆ ಒಂದೇ ಕಿವಿ ಕೇಳದ ಮರಿ ಗೊತ್ತಾಗಲ್ಲ, ಒಂದೊಂದು ಕಿವಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವ ಬೇರ್ (BAER) ಟೆಸ್ಟ್ ಬೇಕು. ಇನ್ನೊಂದು, ಇವು ಹಿಂದೆ ಸಾರೋಟಿನ ಜೊತೆ ಮೈಲಿಗಟ್ಟಲೆ ಓಡುತ್ತಿದ್ದ ನಾಯಿಗಳು. ಫ್ಲ್ಯಾಟ್‌ನಲ್ಲಿ ಕೂಡಿಹಾಕಿದರೆ ಸೋಫಾ ಉಳಿಯಲ್ಲ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.